ಕಿತ್ತವನ ಕಲ್ಲು

"ಲೇ ಕೋನಿಗ, ಅದೇನು ನಿನ್ನ ಹೆಂಡ್ತಿ ಬೆನ್ನೇನೋ, ಸವರಿ ಸವರಿ ನೋಡ್ತಾ ಇದ್ದೀಯ? ಹಾರೆ ಹಾಕೋ ಬೋಳಿಮಗನೆ."

ಪಟೇಲರ ಮನೆ ಚನ್ನಕೇಶವ ಹೀಗೆ ಬೈದಾಗ ನನ್ನ ಗಂಡನ ಅಪ್ಪ, ಮಾವ ಕೋನಪ್ಪ, ಕೋಟೆ ಗೋಡೆಯ ಒಳಮೈಗೆ ಕಿವಿ ಕೊಟ್ಟು ನಿಂತಿದ್ದ. ಕೈಯಲ್ಲಿ ಸಣ್ಣ ಸುತ್ತಿಗೆ. ಒಂದೊಂದು ಕಲ್ಲಿಗೂ ಮೆಲ್ಲಗೆ ತಟ್ಟುವುದು, ಕೇಳುವುದು, ಮತ್ತೆ ತಟ್ಟುವುದು. ಕಲ್ಲು ಮಾತಾಡುತ್ತದೆ ಎನ್ನುತ್ತಾರೆ ನಮ್ಮ ವಡ್ಡರು. ಅದರಲ್ಲಿ ದೇವರು ದಿಂಡರು ಏನೂ ಇಲ್ಲ. ಭಾರ ಹೊತ್ತ ಕಲ್ಲಿನ ಸದ್ದೇ ಬೇರೆ, ಸುಮ್ಮನೆ ಕೂತ ಕಲ್ಲಿನ ಸದ್ದೇ ಬೇರೆ. ಮನುಷ್ಯರಲ್ಲೂ ಹಾಗೇ ಅಲ್ಲವೇ.

ನಾನು ಸಿಂಬೆ ಸರಿಮಾಡಿಕೊಂಡು ಮಣ್ಣಿನ ಮಂಕರಿ ಎತ್ತಿಸಿಕೊಳ್ಳಲು ಕಾಯುತ್ತಿದ್ದೆ. ಎಂಬತ್ತೈದನೇ ಇಸವಿ. ಚನ್ನಕೇಶವ ತನ್ನ ಮನೆಯ ಹಿತ್ತಲಿನಲ್ಲಿ, ಗೋಡೆಗೆ ಒತ್ತಿಕೊಂಡ ಹಾಗೆ, ರೇಷ್ಮೆ ನೂಲು ತೆಗೆಯುವ ಫಿಲೇಚರ್ ಕಟ್ಟಿಸುತ್ತಿದ್ದ. ಪಾಯಕ್ಕೆ ಕಲ್ಲು ಬೇಕು. ಕ್ವಾರಿಯಿಂದ ತರಿಸಿದರೆ ಲಾರಿ ಬಾಡಿಗೆ. ಕೋಟೆ ಗೋಡೆ ಹಿತ್ತಲಲ್ಲೇ ನಿಂತಿತ್ತು, ಕೇಳುವವರಿಲ್ಲದ ಮುದುಕಿಯ ಹಾಗೆ.

ಮಾವ ಸುತ್ತಿಗೆ ಸೊಂಟಕ್ಕೆ ಸಿಕ್ಕಿಸಿ ಹೇಳಿದ. "ಸಾಮಿ, ಮೇಲಿನ ಕಲ್ಲಿನ ವರಸೆ ಎಲ್ಲಾ ಬಿಚ್ಚಿಕೊಟ್ಟಿದ್ದೀವಿ. ಈ ಬುಡದ ಕಾಲುಗಲ್ಲು ಬೇಡ. ಗೋಡೆ ಹೊಟ್ಟೇಲಿರೋ ಮಣ್ಣನ್ನ ಹಿಡ್ಕೊಂಡಿರೋದೇ ಇದು."

"ನಂಗೆ ಹೇಳ್ಕೊಡ್ತೀಯೇನೋ, ವಡ್ಡ ನನ್ಮಗನೆ?"

ಎದುರಿಗೆ ನಾವು ಅವನನ್ನು ಸಾಮಿ ಅನ್ನುತ್ತಿದ್ದೆವು. ಇಲ್ಲಿ ಹಾಗನ್ನುವ ಹಂಗು ನನಗಿಲ್ಲ.

ಮಾವ ಹಾರೆ ಹಾಕಿದ. ಹಾಕದೆ ಇರಬಹುದಿತ್ತು. ಈ ಮಾತನ್ನು ನಾನು ಅವನಿಗೆ ಎಷ್ಟೋ ಸಲ ಹೇಳಿದ್ದೇನೆ, ಅವನು ಎಷ್ಟೋ ಸಲ ತಲೆ ಬಗ್ಗಿಸಿಕೊಂಡಿದ್ದಾನೆ. ಆ ಗೋಡೆಯ ಆಚೆ ಮೈಗೆ ಒರಗಿಕೊಂಡೇ ನಮ್ಮ ಗುಡಿಸಲುಗಳಿದ್ದವು. ನಮ್ಮ ತಲೆಯ ಮೇಲಿನ ಗೋಡೆಯ ಬುಡವನ್ನು ನಾವೇ, ಕೂಲಿ ತಗೊಂಡು, ಸಡಿಲ ಮಾಡಿದೆವು.

ನಮ್ಮ ಕುಲದಲ್ಲಿ ಒಂದು ರೂಢಿ ಉಂಟು. ಬಾವಿಯಾಗಲಿ, ಗುಡಿಯಾಗಲಿ, ಗೋಡೆಯಾಗಲಿ, ಬಿಚ್ಚಿದ ಮೇಲೆ ಕೊನೆಯ ಕಲ್ಲು ಕಿತ್ತವನದು. ಆ ಕಲ್ಲಿನ ಜೊತೆ ಬಿಚ್ಚಿದ ಪಾಪವೂ ಅವನ ಮನೆಗೆ ಹೋಗುತ್ತದೆ ಎಂದು ಮಾಲೀಕರು ನಂಬುತ್ತಾರೆ. ಹಾಗಾಗಿ ಕೊಡುವುದಕ್ಕೆ ಯಾರೂ ಹಿಂದೆಮುಂದೆ ನೋಡುವುದಿಲ್ಲ. ಪಾಪ ಹೊರುವುದಕ್ಕೆ ನಾವಿದ್ದೇವಲ್ಲ. ಚನ್ನಕೇಶವನೂ ಆವತ್ತು ಸಂಜೆ ಆ ಕೊನೆಯ ಕಾಲುಗಲ್ಲನ್ನು ಚಪ್ಪಲಿಯ ತುದಿಯಿಂದ ತಳ್ಳಿ, ತಗೊಂಡು ಹೋಗೋ, ನಿನ್ನ ಪಾಪ ನಿಂಗೆ ಅಂದ. ಒಂದು ಮೊಳ ಉದ್ದದ, ಎಡಮೂಲೆಯಲ್ಲಿ ಎರಡು ಬೆರಳಷ್ಟು ಕಚ್ಚು ಇದ್ದ ಕಲ್ಲು. ಮಾವ ಅದನ್ನು ಹೊತ್ತು ತಂದು ಗುಡಿಸಲ ಮುಂದೆ ಹಾಕಿದ. ಎಂಟು ವರ್ಷ ಅದರ ಮೇಲೆ ನಾನು ಬಟ್ಟೆ ಒಗೆದೆ.

*

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ನಮ್ಮೂರಿನ ಕೋಟೆ ಈಗ ಕಾಣುವುದಿಲ್ಲ. ಬೀಡಿ ಜಾಹೀರಾತು, ಸಿನಿಮಾ ಪೋಸ್ಟರು, ಓಟಿನ ಗುರುತುಗಳು ಕಾಣುತ್ತವೆ. ಅವುಗಳ ಹಿಂದೆ ಇರುವುದೇ ಕೋಟೆ. ನನ್ನ ಅತ್ತೆ ಮದುವೆಯಾಗಿ ಬಂದಾಗ ಅದರ ಸುತ್ತ ಕಂದಕವಿತ್ತಂತೆ, ಕಂದಕದಲ್ಲಿ ಊರಿನ ಹೊಲಸೆಲ್ಲ ಇತ್ತಂತೆ. ಗೋಡೆಯ ಒಳಗೆ ಪಟೇಲರು, ಶಾನುಭೋಗರು, ಗುಡಿಯ ಅರ್ಚಕರು. ಹೊರಗೆ ನಾವು. ಬಾಗಿಲು ದಾಟುವಾಗ ಚಪ್ಪಲಿ ಕಂಕುಳಲ್ಲಿ ಇರಬೇಕಿತ್ತು.

ಆಮೇಲೆ ಲಾರಿ ಹೋಗುವುದಿಲ್ಲವೆಂದು ಕೋಟೆ ಬಾಗಿಲು ಕೆಡವಿದರು. ಕೆಡವಿದ್ದೂ ನಮ್ಮವರೇ. ಊರಿನ ಕಸ ತುಂಬಿ ತುಂಬಿ ಕಂದಕ ಮಟ್ಟವಾಯಿತು. ಮಟ್ಟವಾದ ಕಸದ ಮೇಲೆ ನಾವು ಗುಡಿಸಲು ಹಾಕಿದೆವು. ನಮ್ಮ ಪಕ್ಕಕ್ಕೆ ನೂಲು ಬಿಚ್ಚುವ ಬಡ ಸಾಬರು ಬಂದರು. ಗೋಡೆ ಇದ್ದದ್ದರಿಂದ ಮನೆಗೆ ಮೂರೇ ಗೋಡೆ ಸಾಕಾಯಿತು. ನಾಲ್ಕನೆಯದನ್ನು ರಾಜರು ಕಟ್ಟಿಕೊಟ್ಟಿದ್ದರು. ಬೆರಣಿ ತಟ್ಟುವುದು ಅದರ ಮೇಲೆ, ದೇವರ ಪಟ ತಗುಲಿಹಾಕುವುದು ಅದಕ್ಕೆ, ಬಾಣಂತಿಯರು ಬೆನ್ನು ಕಾಯಿಸಿಕೊಳ್ಳುವುದು ಬಿಸಿಲಿಗೆ ಕಾದ ಅದರ ಕಲ್ಲಿಗೆ.

ಎಂಬತ್ತೆರಡರಲ್ಲಿ ಕಂದಕದ ಮುಂದೆ ಬಸ್ ಸ್ಟ್ಯಾಂಡ್ ಬಂತು. ಆಗ ಗೋಡೆಯ ಮರ್ಯಾದೆಯೇ ತಿರುಗಿಬಿಟ್ಟಿತು. ಒಳಗೆ ಇದ್ದವರಿಗೆ ಒಳಗೆ ಗಾಳಿ ಇಲ್ಲ, ದಾರಿ ಇಲ್ಲ, ವ್ಯಾಪಾರ ಇಲ್ಲ ಎಂದು ಒಂದೇ ಸಲಕ್ಕೆ ಗೊತ್ತಾಯಿತು. ಮೂರು ತಲೆಮಾರು ಮೂಗು ಮುಚ್ಚಿಕೊಂಡು ನೋಡಿದ ಕಂದಕದ ಕಡೆಗೆ ಈಗ ಟೇಪು ಹಿಡಿದು ನೋಡತೊಡಗಿದರು. ಚನ್ನಕೇಶವನಿಗೆ ಅಲ್ಲಿ ಹನ್ನೆರಡು ಅಂಗಡಿ ಕಟ್ಟುವ ಆಸೆ. ಎರಡು ಸಲ ಒಬ್ಬ ಓವರ್ಸಿಯರ್‌ನನ್ನು ಕರೆದುಕೊಂಡು ಬಂದು, ನಮ್ಮ ಒಲೆಗಳ ಪಕ್ಕದಲ್ಲೇ ಟೇಪು ಎಳೆಸಿ ಅಳೆಸಿದ. ನಾವು ಮುದ್ದೆ ತಿರುವುತ್ತಾ ಕೂತಿದ್ದೆವು, ಕಾಲು ತೆಗೀರಿ ಅಂದಾಗ ತೆಗೆದೆವು.

*

ತೊಂಬತ್ತಮೂರರ ಬೇಸಿಗೆಯಲ್ಲಿ ಗೋಡೆ ಬೆವರುತ್ತಿದೆ ಎಂದು ಮೊದಲು ಹೇಳಿದವಳು ನೂರುನ್ನೀಸಾ. ಅವಳು ನನ್ನ ಪಕ್ಕದ ಮನೆಯವಳು. ಚನ್ನಕೇಶವನ ಫಿಲೇಚರಿನಲ್ಲೇ ನೂಲು ತೆಗೆಯುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕುದಿಯುವ ನೀರಿನ ಬೇಸಿನ್ನಿಗೆ ಬೆರಳಿಟ್ಟು ಗೂಡಿನ ಎಳೆ ಹುಡುಕುವ ಕೆಲಸ. ಅವಳ ಬೆರಳ ತುದಿಗಳು ಬಿಳಚಿ ಸುಕ್ಕುಗಟ್ಟಿ, ಉಪ್ಪಿನ ಡಬ್ಬಿಗೆ ಕೈ ಹಾಕಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ನಾನು ಅವಳ ಸಾರಿಗೆ ಉಪ್ಪು ಹಾಕಿಕೊಡುತ್ತಿದ್ದೆ, ಅವಳು ನನ್ನ ರವಿಕೆಗೆ ಕೈಹೊಲಿಗೆ ಹಾಕಿಕೊಡುತ್ತಿದ್ದಳು.

"ಗಂಗಕ್ಕ, ನಿಮ್ ಗೋಡೆ ಮುಟ್ಟಿ ನೋಡಿದ್ಯಾ? ನಮ್ದು ಬೆವರ್ತಾ ಐತೆ, ಬೆಚ್ಚಗೈತೆ. ಜ್ವರ ಬಂದಂಗೆ."

ಮುಟ್ಟಿದೆ. ಬೆಚ್ಚಗಿತ್ತು. ಮೂಗಿಟ್ಟು ನೋಡಿದೆ. ಬೆಂದ ರೇಷ್ಮೆಹುಳದ ನಾತ. ಒಳಗಡೆ ಏನು ನಡೆದಿದೆ ಎಂದು ನೂರುನ್ನೀಸಾಗೆ ಗೊತ್ತಿತ್ತು, ದಿನಾ ನೋಡುತ್ತಿದ್ದಳಲ್ಲ. ಫಿಲೇಚರಿನ ನೀರು ಹೋಗುವುದಕ್ಕೆ ಚನ್ನಕೇಶವ ಚರಂಡಿ ತೆಗೆಸಿರಲಿಲ್ಲ. ಕಾಲುಗಲ್ಲು ಕಿತ್ತ ಜಾಗಗಳನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿ, ಒಂದು ಕಲ್ಲಿನ ಕಂಡಿಯನ್ನು ಮಾತ್ರ ಹಾಗೇ ಬಿಡಿಸಿದ್ದ. ಇಡೀ ದಿನದ ಬಿಸಿನೀರು, ಸತ್ತ ಹುಳ, ಮಳೆ ಬಂದರೆ ಮಾಳಿಗೆಯ ನೀರು, ಎಲ್ಲ ಆ ಕಂಡಿಯಲ್ಲಿ ನುಗ್ಗಿ ಗೋಡೆಯ ಹೊಟ್ಟೆ ಸೇರುತ್ತಿತ್ತು. ಗೋಡೆಯ ಹೊಟ್ಟೆಯಲ್ಲಿರುವುದು ಬರೀ ಮಣ್ಣು. ಎಷ್ಟು ಕುಡಿದೀತು?

ಅದು ಯಾವ ಕಂಡಿ ಎಂದು ಮಾವ ಕೇಳಿದ. ಅವಳು ಗುರುತು ಹೇಳಿದಳು. ಮಾವ ಎದ್ದು ಹೋಗಿ, ಆ ಕಂಡಿಯಿಂದಲೇ ಕಿತ್ತು ತಂದಿದ್ದ ನನ್ನ ಒಗೆಯುವ ಕಲ್ಲಿನ ಮೇಲೆ ಕೂತ. ಆ ಸಂಜೆ ಊಟ ಮಾಡಲಿಲ್ಲ.

ಮರುದಿನ ಕೆರೆಯಿಂದ ಜೇಡಿಮಣ್ಣು ತಂದು, ರಾಗಿಹುಲ್ಲು ಸೇರಿಸಿ ತುಳಿದು, ಗೋಡೆಯಲ್ಲಿ ಬಿರುಕು ಕಂಡಲ್ಲೆಲ್ಲ ಅಂಗೈಯಗಲದ ಬೊಟ್ಟು ಇಟ್ಟ. ಹಳೇ ಬಾವಿ ಇಳಿಯುವ ಮೊದಲು ನಮ್ಮವರು ಹೀಗೆ ಮಾಡುತ್ತಾರೆ. ಬೊಟ್ಟು ಒಣಗಿ ಹಾಗೇ ಇದ್ದರೆ ಗೋಡೆ ನಿಂತಿದೆ ಎಂದು ಅರ್ಥ. ಬೊಟ್ಟು ಸೀಳಿದರೆ ಗೋಡೆ ನಡೆಯುತ್ತಿದೆ. ಏಳು ಮನೆಗೆ ಏಳು ಬೊಟ್ಟು. ಬೆಳಗೆದ್ದರೆ ಜನ ಮುಖ ತೊಳೆಯುವ ಮೊದಲು ಬೊಟ್ಟು ನೋಡತೊಡಗಿದರು. ಮಕ್ಕಳು ಗೋಡೆಗೆ ಚೆಂಡು ಹೊಡೆದರೆ ತಾಯಂದಿರು ಬೆನ್ನ ಮೇಲೆ ಬಾರಿಸುತ್ತಿದ್ದರು.

ಹದಿನೈದು ದಿನಕ್ಕೆ ಮೂರು ಬೊಟ್ಟು ಸೀಳಿದವು.

ನಾವು ಚನ್ನಕೇಶವನ ಮನೆಗೆ ಹೋದೆವು. ಮಾವ, ನಾನು, ನೂರುನ್ನೀಸಾ. ನನ್ನ ಗಂಡ ಮಂಡಿಕಲ್ ಕಡೆ ಕ್ವಾರಿಯಲ್ಲಿ ಇರುತ್ತಿದ್ದ, ವಾರಕ್ಕೊಂದು ದಿನ ಮನೆ ಕಾಣುತ್ತಿದ್ದ. ಚನ್ನಕೇಶವ ತಿಂಡಿ ತಿನ್ನುತ್ತಿದ್ದಾನೆಂದು ಕೊಟ್ಟಿಗೆಯ ಪಕ್ಕ ನಿಲ್ಲಿಸಿದರು. ತಿಂಡಿ ಆಯಿತು, ಕಾಫಿ ಆಯಿತು, ಪೇಪರ್ ಆಯಿತು. ನೂರುನ್ನೀಸಾ ಬೇಕಾದರೆ ಜಗಲಿ ಮೇಲೆ ಕೂರಬಹುದು ಎಂದು ಒಳಗಿನಿಂದ ಹೇಳಿಕಳಿಸಿದರು. ನಾವು ಕೆಳಗೇ ಇರಬೇಕು. ಅವಳು ಕೂರಲಿಲ್ಲ. ಆ ಜಗಲಿಯ ಚಪ್ಪಡಿಗಳೂ ಕೋಟೆಯವೇ. ಅವುಗಳಿಗೆ ಉಳಿ ಹೊಡೆದು ನುಣುಪು ಮಾಡಿದ್ದು ಮಾವನ ಕೈ.

ಕೊನೆಗೆ ಚನ್ನಕೇಶವ ಹೊರಗೆ ಬಂದ. ಮಾವ ಎಲ್ಲ ಹೇಳಿದ. ನೀರನ್ನು ಒಂದು ಮೋರಿ ತೆಗೆದು ಆಚೆ ತಿರುಗಿಸಿದರೆ ಸಾಕು, ಮೋರಿ ನಾವೇ ತೋಡಿಕೊಡುತ್ತೇವೆ, ಕೂಲಿ ಬೇಡ ಎಂದ. ಎಪ್ಪತ್ತು ವರ್ಷದ ಮುದುಕ ಕೈಕಟ್ಟಿ ನಿಂತು ಬಿಟ್ಟಿ ಕೆಲಸ ಬೇಡುತ್ತಿದ್ದ.

ಚನ್ನಕೇಶವ ಆವತ್ತು ಬೈಯಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಹಲ್ಲುಕಡ್ಡಿ ಆಡಿಸುತ್ತಾ, ಮಾವನ ಕಡೆ ನೋಡದೆ, ನನ್ನ ಕಡೆ ನೋಡಿ ಹೇಳಿದ. "ಗೋಡೆ ಬೀಳ್ತದೆ ಅಂತ ಗೊತ್ತಿದ್ದ ಮೇಲೆ ಅದರ ಕೆಳಗ್ಯಾಕೆ ಮಲಗ್ತೀರ? ಎದ್ದೋಗಿ. ಮಳೆಗಾಲ ಬರ್ತಾ ಐತೆ ಮುನಿಗಂಗಿ. ನಾನು ನಿಮ್ಮನ್ನ ತಳ್ಳೋದೇನೂ ಬೇಕಿಲ್ಲ."

ನಾವು ಹೊರಟ ಮೇಲೆ ನಿಂತಿದ್ದ ಜಾಗಕ್ಕೆ ಆಳು ನೀರು ಹಾಕಿದ ಸದ್ದು ಕೇಳಿಸಿತು.

*

ಆ ವರ್ಷ ಮಳೆ ಬೇಗ ಬಂತು. ಎಡೆಬಿಡದೆ ಮೂರು ದಿನ ಸುರಿಯಿತು. ನಾಲ್ಕನೇ ದಿನ ಬೆಳಿಗ್ಗೆ ಮಾವ ಬೊಟ್ಟು ನೋಡಿಕೊಂಡು ಬಂದ. ಕೊನೆಯ ಗುಡಿಸಲು ಅಕ್ಕಯಮ್ಮನದು. ಬಸ್ ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ ಒಂಟಿ ಹೆಂಗಸು. ಅವಳ ಬೊಟ್ಟು ಸೀಳಿರಲಿಲ್ಲ. ಕೆಳಗೆ ಉದುರಿಬಿದ್ದಿತ್ತು.

ಎದ್ದು ನಮ್ಮ ಮನೆಗೆ ಬಾ ಎಂದು ಮಾವ ಕರೆದ. ಅವಳಿಗೆ ಎರಡು ದಿನದಿಂದ ಜ್ವರ. "ಪೋರಾ, ಹೋಗೋ ಕೋನಪ್ಪ, ನಿಂದೂ ಅದೇ ಗೋಡೆ, ನಂದೂ ಅದೇ ಗೋಡೆ" ಎಂದು ನಕ್ಕಳಂತೆ. ಸರಿಯಾಗೇ ಹೇಳಿದ್ದಳು. ಗಂಜಿ ಕುಡಿದು ಬರುತ್ತೇನೆ ಎಂದಳು. ನಾನೇ ಹೋಗಿ ರಟ್ಟೆ ಹಿಡಿದು ಎಳೆದುಕೊಂಡು ಬರಬೇಕಿತ್ತು. ಬೆಳಗಿನ ಕೆಲಸದಲ್ಲಿ ಹೋಗಲಿಲ್ಲ.

ಮಧ್ಯಾಹ್ನ ಹನ್ನೆರಡರ ಚಿಂತಾಮಣಿ ಬಸ್ಸು ನಿಂತಿತ್ತು. ಆಗ ಅಕ್ಕಯಮ್ಮನ ಗುಡಿಸಲ ಹಿಂದಿನ ಗೋಡೆ ಬಿತ್ತು. ಬಿದ್ದದ್ದಕ್ಕೆ ದೊಡ್ಡ ಸದ್ದೇನೂ ಆಗಲಿಲ್ಲ. ನೆನೆದ ಮಣ್ಣು ಮೆಲ್ಲಗೆ ಜಾರಿ, ಹೊರಮೈಯ ಕಲ್ಲುಗಳನ್ನು ಮುಂದಕ್ಕೆ ತಳ್ಳಿತು ಅಷ್ಟೆ. ಬಸ್ಸಿನ ಜನ ಇಳಿದು ಓಡಿಬಂದರು. ಗುದ್ದಲಿ ಹಿಡಿಯಲು ಬರುವವರು ನಾವೇ, ಕಲ್ಲು ಎತ್ತಲು ಬರುವವರೂ ನಾವೇ. ಒಂದು ಗಂಟೆ ಬೇಕಾಯಿತು. ಬೆಚ್ಚಗಿನ ಕೆಸರಿನಲ್ಲಿ, ಬೆಂದ ಹುಳಗಳ ಮಧ್ಯೆ ಅಕ್ಕಯಮ್ಮ ಸಿಕ್ಕಿದಳು. ಗಂಜಿಯ ಪಾತ್ರೆ ಒಲೆ ಮೇಲೇ ಇತ್ತು, ಚೆಲ್ಲಿಯೂ ಇರಲಿಲ್ಲ.

ಅವಳನ್ನು ಮಣ್ಣು ಮಾಡಿ ಬಂದು, ಆರೂ ಮನೆಯವರು ಸಾಮಾನು ಎತ್ತಿಕೊಂಡು ರಸ್ತೆಯ ಆಚೆ ಬದಿಗೆ ಪ್ಲಾಸ್ಟಿಕ್ ಕಟ್ಟಿದೆವು. ನನ್ನ ಒಗೆಯುವ ಕಲ್ಲು ಅಲ್ಲೇ ಉಳಿಯಿತು. ಚನ್ನಕೇಶವ ಬಯಸಿದ್ದ ಹಾಗೆ ಕಂದಕ ಖಾಲಿಯಾಗಿತ್ತು. ಅವನು ಯಾರನ್ನೂ ತಳ್ಳಿರಲಿಲ್ಲ.

*

ಮೂರನೇ ದಿನ ಅದೇ ಟೇಪಿನ ಓವರ್ಸಿಯರ್ ಬಂದ. ಅವನ ಜೊತೆ ಒಬ್ಬ ಪೊಲೀಸು, ಹಿಂದೆ ಕೊಡೆ ಹಿಡಿದು ಚನ್ನಕೇಶವ. ಬಿದ್ದ ಗೋಡೆ ನೋಡಿದರು. ನೀರು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ನೂರುನ್ನೀಸಾಳ ಗಂಡ ಖಾಜಾ ಪೀರ್ ಹೇಳಲು ಹೋದ, ಪೊಲೀಸು ಲಾಠಿಯಿಂದ ಅವನ ಎದೆ ಮುಟ್ಟಿ ಹಿಂದಕ್ಕೆ ಸರಿಸಿದ. ಓವರ್ಸಿಯರ್ ಖಾಲಿ ಗುಡಿಸಲುಗಳ ಮುಂದೆ ನಡೆದುಕೊಂಡು ಬಂದು ನಮ್ಮ ಅಂಗಳದಲ್ಲಿ ಒಗೆಯುವ ಕಲ್ಲಿನ ಮುಂದೆ ನಿಂತ.

"ಇದು ಕೋಟೆ ಕಲ್ಲಲ್ವೇನಯ್ಯಾ?"

ಮಾವ ಹೌದು ಎಂದ. ಸುಳ್ಳು ಹೇಳುವುದು ಅವನಿಗೆ ಬರುತ್ತಿರಲಿಲ್ಲ, ಅದೊಂದು ರೋಗ. ಓವರ್ಸಿಯರ್ ಬರೆದುಕೊಂಡ. ಗುಡಿಸಲಿನವರು ಕೋಟೆಯ ಕಲ್ಲು ಕದ್ದು ಕದ್ದು ಗೋಡೆ ಸಡಿಲವಾಗಿ ಬಿದ್ದಿದೆ, ಒಂದು ಜೀವ ಹೋಗಿದೆ. ಬರೆದದ್ದನ್ನು ಗಟ್ಟಿಯಾಗಿ ಓದಿಯೂ ಹೇಳಿದ. ಮೊಸರು ತಿಂದ ಕೋತಿ ಮೇಕೆ ಬಾಯಿಗೆ ಒರೆಸಿದ ಹಾಗೆ. ಮೇಕೆ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿತ್ತು.

ಕಲ್ಲನ್ನು ಸಾಮಿಯೇ ಕೊಟ್ಟದ್ದು ಎಂದು ಮಾವ ಚನ್ನಕೇಶವನ ಕಡೆ ಕೈ ತೋರಿಸಿದ.

"ನಾನ್ಯಾಕಪ್ಪ ಕೊಡ್ಲಿ?" ಎಂದ ಚನ್ನಕೇಶವ. "ಕೋಟೆ ಸರ್ಕಾರದ್ದು."

ಮಾವನ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಪೊಲೀಸು ಅದನ್ನು ಹಿಡಿದು ಇಳಿಸಿದ. ಮಾವನ ಸೊಂಟದಲ್ಲಿದ್ದ ಸುತ್ತಿಗೆಯನ್ನು, ಕಳ್ಳತನದ ಸಾಮಾನು ಎಂದು, ಕಿತ್ತುಕೊಂಡ. ನಲವತ್ತು ವರ್ಷದ ಸುತ್ತಿಗೆ, ಹಿಡಿ ಅವನ ಬೆರಳಿನ ಗುರುತಿಗೆ ಸವೆದಿತ್ತು.

ಓವರ್ಸಿಯರ್‌ಗೆ ಅಷ್ಟು ಸಾಲಲಿಲ್ಲ. ನಾಲ್ಕು ಜನಕ್ಕೆ ಬುದ್ಧಿ ಬರಬೇಕು ಎಂದ. ಈ ಕಲ್ಲನ್ನು ತಲೆ ಮೇಲೆ ಹೊತ್ತು, ಕೋಟೆಯೊಳಗೆ ಎಲ್ಲರೂ ನೋಡುವ ಹಾಗೆ ನಡೆದು, ಕಿತ್ತ ಜಾಗದಲ್ಲಿ ಇಟ್ಟು ಬರಬೇಕು, ಕೇಸಿನ ಮಾತು ಆಮೇಲೆ. ಚನ್ನಕೇಶವ ನಕ್ಕು, ಸರಿಯಾಗಿ ಹೇಳಿದ್ರಿ ಸಾರ್ ಎಂದ. ಎಂಟು ವರ್ಷದ ಹಿಂದಿನ ಮಾತು, ಯಾವ ಕಲ್ಲು ಎಲ್ಲಿಯದು ಎಂದು ಅವನಿಗೆ ಮರೆತೇ ಹೋಗಿತ್ತು. ಕಲ್ಲು ಹೊತ್ತವರಿಗೆ ನೆನಪಿರುತ್ತದೆ. ಹೊರಿಸಿದವರಿಗೆ ಇರುವುದಿಲ್ಲ.

ಮಾವ ಬಗ್ಗಿಸಿದ್ದ ತಲೆ ಎತ್ತಿ ನನ್ನನ್ನು ನೋಡಿದ. ನಾನು ಆ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷದಲ್ಲಿ ಅವನು ನನ್ನನ್ನು ಹಾಗೆ ನೋಡಿರಲಿಲ್ಲ. ಆಮೇಲೆ ಓವರ್ಸಿಯರ್ ಕಡೆ ತಿರುಗಿ ಕೇಳಿದ.

"ಕಿತ್ತ ಜಾಗದಲ್ಲೇ ಇಡ್ಬೇಕಾ ಸಾಮಿ?"

"ಹೂ ಕಣೋ. ಅಲ್ಲೇ ಇಡ್ಬೇಕು."

"ಇಟ್ಟ ಮೇಲೆ ಯಾರಾನಾ ಮತ್ತೆ ಕಿತ್ರೆ?"

"ಕಿತ್ತವನು ಕಳ್ಳ. ಒಳಗೆ ಹಾಕಿಸ್ತೀನಿ."

ಬಸ್ ಸ್ಟ್ಯಾಂಡಿನ ಜನ ಸುತ್ತ ನಿಂತು ಕೇಳುತ್ತಿದ್ದರು. ಮಾವ ನನಗೆ ಸಿಂಬೆ ತರಲು ಹೇಳಿದ. ಜೇಡಿಮಣ್ಣು ಒಂದು ಮಂಕರಿ ತುಂಬಿಕೋ, ಕಲ್ಲು ಕೂರಿಸಬೇಕಾದರೆ ಬೇಕಾಗುತ್ತದೆ ಎಂದ. ಬೊಟ್ಟಿಗೆಂದು ತುಳಿದಿಟ್ಟಿದ್ದ ಮಣ್ಣು ಹಾಗೇ ಇತ್ತು.

*

ಅರ್ಧ ಮೂಟೆ ರಾಗಿಯಷ್ಟು ತೂಕದ ಕಲ್ಲು. ಮೂರು ಜನ ಎತ್ತಿ ಅವನ ತಲೆ ಮೇಲೆ ಇಟ್ಟರು. ಕುತ್ತಿಗೆಯ ನರ ಹಗ್ಗದಂತೆ ಎದ್ದವು. ಮುಂದೆ ಪೊಲೀಸು, ಮಧ್ಯೆ ಮಾವ, ಹಿಂದೆ ಮಣ್ಣು ಹೊತ್ತ ನಾನು. ನಮ್ಮ ಹಿಂದೆ ನಮ್ಮ ಕೇರಿಯವರು, ಅವರ ಹಿಂದೆ ಓವರ್ಸಿಯರ್, ಚನ್ನಕೇಶವ.

ಕೋಟೆಯೊಳಗಿನ ಬೀದಿಯಲ್ಲಿ ಜನ ಬಾಗಿಲಿಗೆ ಬಂದು ನಿಂತರು. ಕಲ್ಲುಕಳ್ಳನನ್ನು ನೋಡುವುದಕ್ಕೆ. ಅವರು ನಿಂತಿದ್ದ ಮೆಟ್ಟಿಲು ಕೋಟೆಯದು. ಅರ್ಚಕರ ಮನೆ ಬಾವಿಯ ಕಟ್ಟೆ ಕೋಟೆಯದು. ಮೇಷ್ಟರ ಮನೆ ಮುಂದಿನ ತುಳಸಿಕಟ್ಟೆ, ಶಾನುಭೋಗರ ಮೊಮ್ಮಗನ ಸ್ಕೂಟರ್ ಹತ್ತಿಸುವ ಇಳಿಜಾರು, ಎಲ್ಲ ಕೋಟೆಯದು. ಮಾವ ಹೊರುತ್ತಿದ್ದ ಕಲ್ಲಿನ ಅಣ್ಣತಮ್ಮಂದಿರು ಬೀದಿಯ ಎರಡೂ ಕಡೆ ಕೂತು ನೋಡುತ್ತಿದ್ದವು. ಒಬ್ಬ ಹೆಂಗಸು ಛೀ ಎಂದು ಉಗಿದಳು. ಉಗುಳು ಅವಳ ಮೆಟ್ಟಿಲಿನ ಮೇಲೇ ಬಿತ್ತು. ನನಗೆ ಅಳು ಬರಲಿಲ್ಲ. ಮಂಕರಿ ತಲೆ ಮೇಲಿಲ್ಲದಿದ್ದರೆ ಕೈ ಏನು ಮಾಡುತ್ತಿತ್ತೋ ಗೊತ್ತಿಲ್ಲ.

ಅರ್ಧ ದಾರಿಗೆ ಮತ್ತೆ ಮಳೆ ಹಿಡಿಯಿತು. ಓವರ್ಸಿಯರ್ ಚನ್ನಕೇಶವನ ಕೊಡೆಯೊಳಗೆ ಸೇರಿಕೊಂಡ. ಮಾವ ನಿಲ್ಲಲಿಲ್ಲ. ಸಂದಿಗೆ ತಿರುಗಿ, ಫಿಲೇಚರಿನ ಹಿಂದೆ ಗೋಡೆಯ ಬುಡಕ್ಕೆ ಬಂದು ನಿಂತ. ಕಂಡಿಯಲ್ಲಿ ಹಳದಿ ನೀರು, ಹುಳಗಳ ಸಮೇತ, ಗಟಗಟ ಇಳಿಯುತ್ತಿತ್ತು. ಆವಿ ಏಳುತ್ತಿತ್ತು.

ನಾವು ಕಲ್ಲು ಇಳಿಸಿದೆವು. ಮಾವ ಮಂಡಿವರೆಗೆ ಆ ನೀರಿಗೆ ಇಳಿದ. ಸುಟ್ಟಿತು, ಆದರೂ ಮುಖ ಹಿಂಡಲಿಲ್ಲ. ಕಲ್ಲನ್ನು ನಿಲ್ಲಿಸಿ, ಅರ್ಧ ಸುತ್ತು ತಿರುಗಿಸಿ, ಕಚ್ಚು ಇದ್ದ ಮೂಲೆಯನ್ನು ಎಡಕ್ಕೆ ಮಾಡಿ ಭುಜದಿಂದ ಒತ್ತಿದ. ಒಲೆಯ ಮೇಲೆ ಮಡಕೆ ಕೂತ ಹಾಗೆ ಕೂತಿತು. ಅದರದ್ದೇ ಜಾಗವಲ್ಲವೇ. ಸುತ್ತಲಿನ ಸಂದಿಗೆ ನಾನು ಜೇಡಿ ಮೆತ್ತತೊಡಗಿದೆ. ಪಕ್ಕದಲ್ಲಿ ಇನ್ನೆರಡು ಕೈ ಬಂದವು, ಬೆರಳ ತುದಿ ಬಿಳಚಿಕೊಂಡ ಕೈ. ನೂರುನ್ನೀಸಾ ಬೇಸಿನ್ನು ಬಿಟ್ಟು ಎದ್ದು ಬಂದಿದ್ದಳು. ಇಬ್ಬರೂ ಮೆತ್ತಿದೆವು.

ನೀರು ನಿಂತಿತು.

ಓವರ್ಸಿಯರ್ ಪುಸ್ತಕ ತೆಗೆದು, ಕಲ್ಲು ಮೊದಲಿನ ಜಾಗ ಸೇರಿತು ಎಂದು ಬರೆದು, ಮಾವನ ಹೆಬ್ಬೆಟ್ಟು ಒತ್ತಿಸಿಕೊಂಡ. ಅವನ ಬೂಟು ನೆನೆಯುವವರೆಗೆ ಅವನಿಗೆ ಏನೂ ತಿಳಿಯಲಿಲ್ಲ. ಫಿಲೇಚರಿನೊಳಗೆ ಹೆಂಗಸರು ಕಾಲು ಮೇಲೆತ್ತಿ ಸ್ಟೂಲಿನ ಮೇಲೆ ಕೂತರು. ಬೇಸಿನ್ನಿನ ಒಲೆಗಳು ಒಂದೊಂದಾಗಿ ಬುಸ್ಸೆಂದು ಆರಿದವು. ಮಾಳಿಗೆಯ ಮಳೆನೀರೂ ಸೇರಿ, ಹುಳಗಳನ್ನು ತೇಲಿಸಿಕೊಂಡು ಚನ್ನಕೇಶವನ ಹಿಂಬಾಗಿಲ ಹೊಸ್ತಿಲು ದಾಟಿತು. ಒಳಗೆ ಗೋದಾಮಿನಲ್ಲಿ ಶಿಡ್ಲಘಟ್ಟದ ಮಾರುಕಟ್ಟೆಯಿಂದ ತಂದು ರಾಶಿ ಹಾಕಿದ್ದ ಗೂಡು ಇತ್ತು.

ಚನ್ನಕೇಶವ ಪಂಚೆ ಎತ್ತಿಕೊಂಡು ಓಡಿಬಂದ. ಈಗ ಅವನಿಗೆ ಬಾಯಿ ಬಂದಿತ್ತು. ಅವ್ವ ಅಕ್ಕ ಎಲ್ಲ ಸೇರಿಸಿ ಬೈದು, ಕಲ್ಲು ತೆಗೀರೋ ಎಂದ.

ಮಾವ ಗೋಡೆಯಿಂದ ನಾಲ್ಕು ಮಾರು ದೂರದಲ್ಲಿ, ಬಿಸಿನೀರಿಗೆ ಕೆಂಪಾದ ಕಾಲು ಚಾಚಿ ಕೂತಿದ್ದ.

"ಕಿತ್ರೆ ಕಳ್ತನ ಆಗ್ತದಲ್ಲ ಸಾಮಿ."

ಚನ್ನಕೇಶವ ಓವರ್ಸಿಯರ್ ಕಡೆ ನೋಡಿದ. ಓವರ್ಸಿಯರ್ ಪುಸ್ತಕದ ಕಡೆ ನೋಡಿದ. ಹೆಬ್ಬೆಟ್ಟಿನ ಶಾಯಿ ಇನ್ನೂ ಆರಿರಲಿಲ್ಲ. ಚನ್ನಕೇಶವ ನಮ್ಮ ಕೇರಿಯ ಬಯ್ಯಪ್ಪನಿಗೆ ಹೇಳಿದ, ಅವನು ಕೈ ಹಿಂದೆ ಕಟ್ಟಿಕೊಂಡ. ಉಳಿದವರೂ ಹಾಗೇ ಮಾಡಿದರು. ಪೊಲೀಸಿಗೆ ಕಲ್ಲಿನ ಕೆಲಸ ಬರುತ್ತಿರಲಿಲ್ಲ. ಆ ಬೀದಿಯ ಅಷ್ಟೂ ಮನೆಯ ಕಲ್ಲು ಕಿತ್ತ ಕೈಗಳು ಅಲ್ಲೇ, ಸಾಲಾಗಿ, ಬೆನ್ನ ಹಿಂದೆ ಇದ್ದವು.

ಚನ್ನಕೇಶವ ಫಿಲೇಚರಿನಿಂದ ಸೌದೆ ಕೆದಕುವ ಹಾರೆ ತಂದು ತಾನೇ ನೀರಿಗೆ ಇಳಿದ. ಎಲ್ಲಿ ಹಾಕಬೇಕೆಂದು ಗೊತ್ತಿರಲಿಲ್ಲ. ಕಲ್ಲಿನ ನೆತ್ತಿಗೆ ಹೊಡೆದ, ಕಿಡಿ ಹಾರಿತು. ಮೇಲಿನಿಂದ ಒಂದು ಹಿಡಿ ಮಣ್ಣು ಉದುರಿ ನೀರಿಗೆ ಬಿತ್ತು.

ಮಾವ ಎದ್ದು ನಿಂತ. ಸುತ್ತಿಗೆ ಇರಲಿಲ್ಲವಲ್ಲ, ಹೋಗಿ ಗೆಣ್ಣಿನಿಂದ ಗೋಡೆಗೆ ತಟ್ಟಿದ. ಕಿವಿ ಕೊಟ್ಟ. ಸ್ವಲ್ಪ ಮೇಲೆ ತಟ್ಟಿ ಮತ್ತೆ ಕಿವಿ ಕೊಟ್ಟ. ಅವನ ಮುಖದ ಬಣ್ಣ ಹೋದದ್ದನ್ನು ನಾನು ಕಂಡೆ.

"ಸಾಮಿ, ಕೀಳಬೇಡಿ. ಮೇಲಿನ ಮಣ್ಣೆಲ್ಲಾ ನೆಂದದೆ. ಈಗ ಆ ಕಲ್ಲೇ ಹಿಡ್ಕೊಂಡಿರೋದು."

"ನಂಗೆ ಹೇಳ್ಕೊಡ್ತೀಯೇನೋ, ವಡ್ಡ ನನ್ಮಗನೆ?"

ಎಂಟು ವರ್ಷದ ಹಿಂದೆ ಹೇಳಿದ್ದ ಮಾತೇ. ಆಗ ಮಾವ ತಲೆ ಬಗ್ಗಿಸಿ ಹಾರೆ ಹಾಕಿದ್ದ. ಈಗ ಅವನು ಎರಡನೇ ಸಲ ಹೇಳಲಿಲ್ಲ. ಹೆಗಲ ಮೇಲಿನ ಟವಲು ಕೊಡವಿ, ನಡೀರಿ ಎಂದು ನಮಗೆ ಸನ್ನೆ ಮಾಡಿದ. ನೂರುನ್ನೀಸಾ ಫಿಲೇಚರಿನ ಬಾಗಿಲಿಗೆ ಹೋಗಿ "ಬಾಹರ್ ಆವೋ, ಸಬ್ ಆವೋ" ಎಂದು ಕರೆದಳು. ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಬಂದರು. ಎಲ್ಲರೂ ಬಂದರೇ ಎಂದು ಅವಳು ಮತ್ತೊಮ್ಮೆ ಒಳಗೆ ಇಣುಕಿ ನೋಡಿದಳು.

ನಾವು ಸಂದಿಯಿಂದ ಬೀದಿಗೆ ನಡೆದೆವು. ಯಾರೂ ಓಡಲಿಲ್ಲ. ನಮ್ಮನ್ನು ನೋಡಿ ಓವರ್ಸಿಯರ್ ಪುಸ್ತಕ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಹಿಂದೆ ಬಂದ. ಪೊಲೀಸು ಅವನಿಗಿಂತ ಮುಂದಿದ್ದ.

ಕೋಟೆ ಬಾಗಿಲಿದ್ದ ಜಾಗ ದಾಟಿ ರಸ್ತೆಗೆ ಬರುವವರೆಗೂ ಹಾರೆಯ ಸದ್ದು ಕೇಳುತ್ತಲೇ ಇತ್ತು.